ಕೈ ನಮ್ಮದು, ಸಹಿ ಅವರದು

ಡಾಕ್ಟರುಗಳ ಕೆಲಸದಲ್ಲಿ ಒಂದಷ್ಟನ್ನು ಡಾಕ್ಟರಲ್ಲದವರಿಗೆ ವಹಿಸಬಹುದೇ ಎಂದು ದೊಡ್ಡವರು ಚರ್ಚೆ ಮಾಡುತ್ತಿದ್ದಾರೆ. ನರ್ಸು ಔಷಧಿ ಚೀಟಿ ಬರೆಯಬಹುದೇ, ಆರು ತಿಂಗಳ ತರಬೇತಿ ಪಡೆದವರು ಬಿ.ಪಿ.ಗೆ, ಸಕ್ಕರೆ ಕಾಯಿಲೆಗೆ ಮಾತ್ರೆ ಕೊಡಬಹುದೇ, ಡಾಕ್ಟರಿಲ್ಲದೆ ಹೆರಿಗೆ ಮಾಡಿಸಬಹುದೇ ಎಂದು ಕೇಳುತ್ತಿದ್ದಾರೆ. 2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆ ಸಂಸತ್ತಿನ ಮುಂದೆ ಬಂತು. ಅದರ 32ನೇ ಕಲಮು, ಎಂ.ಬಿ.ಬಿ.ಎಸ್. ಓದದ ಆರೋಗ್ಯ ಕಾರ್ಯಕರ್ತರಿಗೂ ಮಿತವಾದ ಪರವಾನಗಿ ಕೊಡಬಹುದು, ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಪಾಲು ಮೀರಬಾರದು ಎಂದಿತು. ಜುಲೈ 31ರಂದು ದೇಶದ ತುಂಬ ವೈದ್ಯರು ಮುಷ್ಕರ ಹೂಡಿದರು. ಇದು ನಕಲಿ ಡಾಕ್ಟರುಗಳನ್ನು ಸಾಕುವ ಕಾನೂನು ಎಂದರು. ಮಸೂದೆ ಕಾಯಿದೆಯಾಯಿತು. ಜಗಳ ಮಾತ್ರ ಮುಗಿದಿಲ್ಲ.

ಈ ಚರ್ಚೆ ಕೇಳಿದಾಗ ನಮಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕೆಂದರೆ ಈ ಕೆಲಸವನ್ನು ಎಂದೋ ವಹಿಸಿ ಆಗಿದೆ. ಕೇಳದೆ, ಕಲಿಸದೆ, ಕಾಗದದಲ್ಲಿ ಬರೆಯದೆ ವಹಿಸಿ ಆಗಿದೆ. ಯಾರಿಗೆ ವಹಿಸಿದ್ದಾರೆ ಅಂತ ನೋಡಬೇಕಾದರೆ ಆಸ್ಪತ್ರೆಯ ಮುಂಬಾಗಿಲಲ್ಲಿ ನಿಂತರೆ ಆಗುವುದಿಲ್ಲ, ಹಿಂದಕ್ಕೆ ಹೋಗಬೇಕು. ಹೆಣದ ಕೋಣೆ ಅಲ್ಲಿರುತ್ತದೆ.

ನಮ್ಮ ದೊಡ್ಡಪ್ಪ ಒಂದು ಸರ್ಕಾರಿ ಆಸ್ಪತ್ರೆಯ ಹೆಣದ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವನು. ಕಾಗದದಲ್ಲಿ ಅವನು ಕಸ ಗುಡಿಸುವವನು. ಮೊದಲು ದಿನಗೂಲಿ, ಆಮೇಲೆ ಹೊರಗುತ್ತಿಗೆ. ಗುತ್ತಿಗೆದಾರರು ಬದಲಾದರು, ಇವನು ಬದಲಾಗಲಿಲ್ಲ. ಅಸಹಜ ಸಾವಾದರೆ ಹೆಣವನ್ನು ವೈದ್ಯರೇ ಪರೀಕ್ಷೆ ಮಾಡಬೇಕು ಅಂತ ಕಾನೂನಿದೆ. ಅಲ್ಲಿ ನಡೆಯುತ್ತಿದ್ದದ್ದು ಬೇರೆ. ಎದೆ ಸೀಳುವವನು ದೊಡ್ಡಪ್ಪ. ಉಳಿ ಸುತ್ತಿಗೆ ಹಿಡಿದು ತಲೆಬುರುಡೆ ತೆಗೆಯುವವನು ದೊಡ್ಡಪ್ಪ. ಕರುಳು, ಈಲಿ, ಹೊಟ್ಟೆಯೊಳಗಿನದು ತೆಗೆದು ಬಾಟಲಿಗೆ ಹಾಕುವವನು ದೊಡ್ಡಪ್ಪ. ಕೊನೆಗೆ ದಬ್ಬಳದಲ್ಲಿ ಹೊಲಿದು, ತೊಳೆದು, ಬಟ್ಟೆ ಸುತ್ತಿ ಸತ್ತವರ ಕಡೆಯವರಿಗೆ ಒಪ್ಪಿಸುವವನೂ ಅವನೇ. ಡಾಕ್ಟರು ಮೂಗಿಗೆ ಕರ್ಚೀಫು ಹಿಡಿದು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಇವನು ಹೇಳುತ್ತಿದ್ದ. ಅವರು ಬರೆದುಕೊಳ್ಳುತ್ತಿದ್ದರು.

ಎಲ್ಲ ಡಾಕ್ಟರೂ ಹೀಗೆ ಅಂತ ನಾವು ಹೇಳುವುದಿಲ್ಲ. ತಾವೇ ಗ್ಲೌಸು ತೊಟ್ಟು ಕತ್ತಿ ಹಿಡಿಯುತ್ತಿದ್ದವರೂ ಒಬ್ಬಿಬ್ಬರು ಬಂದು ಹೋದರು ಅಂತ ದೊಡ್ಡಪ್ಪನೇ ಹೇಳುತ್ತಾನೆ. ಅಂಥವರ ಹೆಸರು ಹೇಳುವಾಗ ಅವನು ಕೈ ಎತ್ತಿ ಮುಗಿಯುತ್ತಾನೆ. ಆದರೆ ಒಬ್ಬ ಡಾಕ್ಟರು ತನ್ನ ಕೆಲಸ ತಾನು ಮಾಡಿದ್ದಕ್ಕೆ ನಾವು ಕೈ ಮುಗಿಯಬೇಕಾಗಿ ಬಂದಿದೆಯಲ್ಲ, ಅಲ್ಲೇ ಇದೆ ರೋಗ.

ನಮ್ಮ ಮನೆಯಲ್ಲಿ ಡಿಗ್ರಿ ಕಂಡವರು ನಾವೇ ಮೊದಲು. ಇಂಗ್ಲಿಷು ಓದಲು ಬರುತ್ತದೆ ಅಂತ ದೊಡ್ಡಪ್ಪ ಒಂದು ಸಲ ಯಾರದೋ ಶವಪರೀಕ್ಷೆಯ ವರದಿಯ ಜೆರಾಕ್ಸು ತಂದು ಓದಿಸಿದ. ನಾವು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆವು. ‘ನಾನು ನೋಡಿದೆ’, ‘ನಾನು ತೆರೆದೆ’, ‘ನನಗೆ ಕಂಡಿತು’ ಅಂತಿತ್ತು. ಅವನು ಸುಮ್ಮನೆ ಕೇಳಿಸಿಕೊಂಡು, ‘ಯಾರ್ ಮಗ ಆ ನಾನು ಅನ್ನೋನು?’ ಅಂದ. ನಾವು ಕೆಳಗಿನ ಸಹಿ ತೋರಿಸಿದೆವು.

ಆಮೇಲೆ ಅವನು ಹೇಳಿದ ಮಾತು ಇನ್ನೂ ಭಾರ. ‘ನೇಣು ಹಾಕ್ಕಂಡಿದ್ದು ಯಾವ್ದು, ಕುತ್ಗೆ ಇಚುಕಿ ಆಮೇಲ್ ನೇಣಿಗೆ ಏರ್ಸಿದ್ದು ಯಾವ್ದು ಅಂತ ನಂಗೆ ಕಣ್ಣಿಗೇ ಗೊತ್ತಾಯ್ತದೆ ಕಣ್ ಮಗ. ಎಷ್ಟ್ ನೋಡಿಲ್ಲ! ಆದ್ರೆ ಕೋರ್ಟ್ನಾಗೆ ನನ್ನ ಯಾರ್ ಕರೀತಾರೆ?’

ಹೌದು, ಯಾರೂ ಕರೆಯುವುದಿಲ್ಲ. ಕಸ ಗುಡಿಸುವವನ ಕಣ್ಣಿಗೆ ಸಾಕ್ಷಿಯ ಬೆಲೆ ಇಲ್ಲ. ಅವನಿಗೆ ಯಾರೂ ಪಾಠ ಮಾಡಲಿಲ್ಲ, ಆದ್ದರಿಂದ ಅವನು ತಿಳಿದದ್ದು ಎಷ್ಟು ಸರಿ ಅಂತ ಯಾರೂ ಅಳೆಯಲೂ ಇಲ್ಲ. ಕೊಲೆಯಾದ ನಮ್ಮ ಹುಡುಗಿಯ ಹೆಣ ಆತ್ಮಹತ್ಯೆ ಅಂತ ಬರೆಸಿಕೊಂಡು ಮಣ್ಣಿಗೆ ಹೋದರೆ, ನ್ಯಾಯ ತಪ್ಪಿದ್ದು ಬಾಗಿಲ ಹತ್ತಿರ ನಿಂತ ಆ ಹತ್ತು ಅಡಿ ದೂರದಲ್ಲಿ. ಇದು ಬರೀ ಸಂಬಳದ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ.

ಆ ಹತ್ತು ಅಡಿ ದೂರ ಎಲ್ಲಿಂದ ಬಂತು? ಅದು ವೈದ್ಯಶಾಸ್ತ್ರದಿಂದ ಬಂದದ್ದಲ್ಲ. ಮನುವಿನ ಧರ್ಮಶಾಸ್ತ್ರ ವೈದ್ಯನ ಅನ್ನವನ್ನೂ ಉಣ್ಣಬಾರದ ಅನ್ನಗಳ ಸಾಲಿಗೆ ಸೇರಿಸಿದೆ. ರಕ್ತ, ಕೀವು, ಹೆಣ ಮುಟ್ಟುವವನು ಮೈಲಿಗೆ. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಎಂಬ ಪಂಡಿತರು ಹೆಣದ ಮೇಲೆ ಕತ್ತಿ ಇಟ್ಟಾಗ ಅದು ಇತಿಹಾಸದಲ್ಲಿ ದಾಖಲಾಯಿತು. ಕೋಟೆಯಿಂದ ತೋಪು ಹಾರಿಸಿದರು ಎಂದೂ ಹೇಳುತ್ತಾರೆ. ಸತ್ತ ದನವನ್ನು ಸೀಳಿ ಅದರ ಒಳಗನ್ನು ಬಲ್ಲ ನಮ್ಮವರಿಗೆ ಯಾವ ಕೋಟೆಯಿಂದಲೂ ತೋಪು ಹಾರಲಿಲ್ಲ. ಮೇಲಿನವರು ಡಾಕ್ಟರಾಗಲು ಒಪ್ಪಿದರು, ಮುಟ್ಟಲು ಪೂರ್ತಿ ಒಪ್ಪಲಿಲ್ಲ. ಮುಟ್ಟುವ ಕೆಲಸ ನಮ್ಮ ಕಡೆಗೆ ಜಾರಿತು. ಬರೆಯುವ ಕೆಲಸ ಅವರಲ್ಲೇ ಉಳಿಯಿತು.

ಸಾವಿನಲ್ಲಿ ಹೀಗೆ. ಹುಟ್ಟಿನಲ್ಲಿ ಬೇರೆಯೇನಿಲ್ಲ.

ನಮ್ಮ ಅಜ್ಜಿ ಸೂಲಗಿತ್ತಿ. ನಡುರಾತ್ರಿ ಮೇಲುಕೇರಿಯಿಂದ ಲಾಟೀನು ಹಿಡಿದು ಬರುತ್ತಿದ್ದರಂತೆ. ಹಿತ್ತಿಲ ಬಾಗಿಲಿಂದ ಒಳಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಮಗು ತಲೆ ಹೊರಹಾಕುವ ಹೊತ್ತಿನಲ್ಲಿ ಅವಳ ಕೈಗೆ ಜಾತಿ ಇರಲಿಲ್ಲ. ಹೊಕ್ಕುಳಬಳ್ಳಿ ಕೊಯ್ದು, ಕಸ ಹೂತು, ನೆತ್ತರು ಬಳಿದಾದ ಮೇಲೆ ಜಾತಿ ಮತ್ತೆ ಬರುತ್ತಿತ್ತು. ಮೊರದಲ್ಲಿ ರಾಗಿ, ಹಳೇ ಸೀರೆ ಒಂದು. ಅದೂ ದೂರದಿಂದ. ‘ನಾನ್ ಎತ್ತಿದ್ ಕೂಸುಗಳೇ ದೊಡ್ಡೋರಾಗಿ ನನ್ನ ದೂರ ನಿಲ್ಲು ಅಂದೋ’ ಅಂತ ಅಜ್ಜಿ ನಗುತ್ತಲೇ ಹೇಳುತ್ತಿದ್ದಳು.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರನ್ನು ನಾಡೇ ಬಲ್ಲದು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ ಅಂತ ಅವರ ಹೆಸರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಹೋದರು. ಒಬ್ಬ ನರಸಮ್ಮನಿಗೆ ಪದ್ಮಶ್ರೀ ಬಂದದ್ದು ನಮಗೆ ಹೆಮ್ಮೆ. ಉಳಿದ ಸಾವಿರಾರು ಸೂಲಗಿತ್ತಿಯರ ಕೈಗೆ ಏನು ಬಂತು?

ಇಲ್ಲಿ ನಾವು ಭಾವುಕರಾಗಬಾರದು. ಮನೆಯಲ್ಲಿ ಹೆತ್ತು ನೆತ್ತರು ಹೋಗಿ ಸತ್ತ ತಾಯಂದಿರು ನಮ್ಮ ಕೇರಿಗಳಲ್ಲೇ ಹೆಚ್ಚು. ನಂಜಾಗಿ ಸತ್ತ ಕೂಸುಗಳೂ ನಮ್ಮವೇ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಆಸ್ಪತ್ರೆಯಲ್ಲಿ ಹೆತ್ತವರಿಗೆ ದುಡ್ಡು ಕೊಡತೊಡಗಿದರು. ದೇಶದಲ್ಲಿ 2005-06ರಲ್ಲಿ ನೂರಕ್ಕೆ 39 ಹೆರಿಗೆ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು, 2019-21ರ ಹೊತ್ತಿಗೆ ನೂರಕ್ಕೆ 89 ಆದವು. ಇದು ಒಳ್ಳೆಯದೇ. ಸೂಲಗಿತ್ತಿಯ ಕಾಲ ಮತ್ತೆ ಬರಲಿ ಅಂತ ನಾವು ಕೇಳುತ್ತಿಲ್ಲ. ನಾವು ಕೇಳುವುದು ಇಷ್ಟೆ: ಆಸ್ಪತ್ರೆಗೆ ಹೆರಿಗೆ ಹೋಯಿತು, ಅದರ ಜೊತೆ ಆ ಕೈಗಳು ಯಾಕೆ ಹೋಗಲಿಲ್ಲ? ಸೂಲಗಿತ್ತಿಯ ಮಗಳಿಗೆ ನರ್ಸಿಂಗ್ ಶಾಲೆಯ ಬಾಗಿಲು ಯಾಕೆ ತೆರೆಯಲಿಲ್ಲ? ಅವಳೂ ಹೋದಳು ಆಸ್ಪತ್ರೆಗೆ, ಆಯಾ ಆಗಿ ಹೋದಳು. ಅಲ್ಲೂ ಅವಳ ಪಾಲಿಗೆ ಬಂದದ್ದು ನೆತ್ತರ ಬಟ್ಟೆ, ಬಕೆಟ್ಟು. ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲಿ ಮಾತ್ರ ಹೆರಿಗೆ.

ನಮ್ಮ ಕೇರಿಯ ಹುಡುಗಿಯೊಬ್ಬಳು ಹಠ ಹಿಡಿದು ನರ್ಸಿಂಗ್ ಓದಿ ಸ್ಟಾಫ್ ನರ್ಸ್ ಆಗಿದ್ದಾಳೆ. ರಾತ್ರಿ ಪಾಳಿಯಲ್ಲಿ ಡಾಕ್ಟರು ಫೋನಿನಲ್ಲಿ ಇರುತ್ತಾರೆ. ಅವಳು ನೋಡುತ್ತಾಳೆ, ಹೇಳುತ್ತಾಳೆ, ಇಂಜೆಕ್ಷನ್ ಕೊಡುತ್ತಾಳೆ, ಹೊಲಿಗೆ ಹಾಕುತ್ತಾಳೆ. ಬೆಳಿಗ್ಗೆ ಕೇಸ್ ಶೀಟಿನಲ್ಲಿ ಡಾಕ್ಟರ ಸಹಿ ಬೀಳುತ್ತದೆ. ‘ಸರಿ ಹೋದ್ರೆ ಡಾಕ್ಟ್ರು ಉಳಿಸಿದ್ರು ಅಂತಾರೆ ಅಣ್ಣಾ, ಹೆಚ್ಚುಕಮ್ಮಿ ಆದ್ರೆ ಸಿಸ್ಟರ್ ಕೊಂದ್ಲು ಅಂತಾರೆ’ ಅನ್ನುತ್ತಾಳೆ. ಅವಳ ಕೈಯಲ್ಲಿ ಕೆಲಸ ಇದೆ, ಹಕ್ಕು ಇಲ್ಲ. ಹೊಣೆ ಇದೆ, ರಕ್ಷಣೆ ಇಲ್ಲ. ಇನ್ನೂರು ಜನ ಹೊರರೋಗಿಗಳನ್ನು ಒಬ್ಬರೇ ನೋಡಿ ಸುಸ್ತಾದ ಡಾಕ್ಟರ ಮೇಲೂ ನಮಗೆ ದ್ವೇಷವಿಲ್ಲ, ಅವರೂ ಮನುಷ್ಯರೇ. ಆದರೆ ಅವರ ಸುಸ್ತನ್ನು ಹೊರುವವರು ಯಾರು ಅನ್ನುವುದಕ್ಕೆ ಒಂದು ಕಾನೂನು ಬೇಡವೇ?

ಡಾಕ್ಟರಲ್ಲದವರು ಡಾಕ್ಟರ ಕೆಲಸ ಮಾಡಬಲ್ಲರೇ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿ ಎಷ್ಟೋ ಕಾಲವಾಯಿತು. ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಲ್ಲಿ ರಜನಿಕಾಂತ ಮತ್ತು ಮೇಬೆಲ್ ಆರೋಳೆ ಎಂಬ ಡಾಕ್ಟರ ದಂಪತಿ ಕೆಲಸ ಶುರು ಮಾಡಿದರು. ಓದು ಬರಹ ಬಾರದ ಹಳ್ಳಿಯ ಹೆಂಗಸರಿಗೆ ಆರೋಗ್ಯದ ಕೆಲಸ ಕಲಿಸಿದರು. ಅವರಲ್ಲಿ ದಲಿತ ಹೆಂಗಸರೂ ಇದ್ದರು. ದೂರ ನಿಲ್ಲು ಅಂದಿದ್ದ ಊರೇ ಅವರ ಮನೆ ಬಾಗಿಲಿಗೆ ಬಂತು. ಗಡಚಿರೋಲಿಯಲ್ಲಿ ಅಭಯ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ಎಳೆಗೂಸಿನ ನಂಜು ಗುರುತಿಸುವುದನ್ನೂ ಜೆಂಟಾಮೈಸಿನ್ ಇಂಜೆಕ್ಷನ್ ಚುಚ್ಚುವುದನ್ನೂ ಕಲಿಸಿದರು. ಆ 39 ಹಳ್ಳಿಗಳಲ್ಲಿ ಎಳೆಗೂಸುಗಳ ಸಾವು, ಹೋಲಿಸಿ ನೋಡಿದ ಬೇರೆ ಹಳ್ಳಿಗಳಿಗಿಂತ ನೂರಕ್ಕೆ 62ರಷ್ಟು ಇಳಿಯಿತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಅಚ್ಚು ಮಾಡಿತು.

ಇದು ಹಳ್ಳಿಯ ಮಾತಾಯಿತು, ಆಸ್ಪತ್ರೆಯಲ್ಲಿ ಆಗುವುದಿಲ್ಲ ಅನ್ನುವವರು ಆಫ್ರಿಕಾದ ಮೊಜಾಂಬಿಕ್ ಕಡೆ ನೋಡಬೇಕು. 1975ರಲ್ಲಿ ಆ ದೇಶ ಸ್ವತಂತ್ರವಾದಾಗ ಪೋರ್ಚುಗೀಸ್ ಡಾಕ್ಟರುಗಳಲ್ಲಿ ಬಹುಪಾಲು ಜನ ಗಂಟು ಕಟ್ಟಿಕೊಂಡು ಹೋದರು. 1984ರಿಂದ ಅಲ್ಲಿನ ಸರ್ಕಾರ ಡಾಕ್ಟರಲ್ಲದ ಆರೋಗ್ಯ ಕೆಲಸಗಾರರನ್ನು ಆರಿಸಿ, ಮೂರು ವರ್ಷ ಶಸ್ತ್ರಚಿಕಿತ್ಸೆ ಕಲಿಸಿತು. ಜಿಲ್ಲಾ ಆಸ್ಪತ್ರೆಗಳ ಸಿಸೇರಿಯನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅವರೇ ಮಾಡಿದರು. ತಜ್ಞರು ಮಾಡಿದ ಸಿಸೇರಿಯನ್‌ಗಳ ಜೊತೆ ಹೋಲಿಸಿ ನೋಡಿದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಏಳು ವರ್ಷ ಕಳೆದ ಮೇಲೆ ಇವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನ ಜಿಲ್ಲಾ ಆಸ್ಪತ್ರೆಗಳಲ್ಲೇ ಇದ್ದರು. ಅಲ್ಲಿಗೆ ಕಳಿಸಿದ್ದ ಡಾಕ್ಟರುಗಳಲ್ಲಿ ಒಬ್ಬರೂ ಉಳಿದಿರಲಿಲ್ಲ.

ಹಾಗಾದರೆ ಜಗಳ ಎಲ್ಲಿದೆ? ನಮ್ಮೊಳಗೇ ಇದೆ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಮೀಸಲಾತಿಯಲ್ಲಿ ಸೀಟು ಪಡೆದು ಎಂ.ಬಿ.ಬಿ.ಎಸ್. ಓದುತ್ತಿದ್ದಾನೆ. ಅವನ ಅಪ್ಪ ಜೀತಕ್ಕಿದ್ದವರು. ಒಂದು ರಾತ್ರಿ ಈ ಮಾತು ಬಂದಾಗ ಅವನು ಕೆರಳಿ ಕೇಳಿದ: ‘ಅವರು ನೂರು ವರ್ಷ ಡಾಕ್ಟ್ರಾದ್ರು. ನಾವು ಈಗತಾನೆ ಕೊರಳಿಗೆ ಸ್ಟೆತಾಸ್ಕೋಪ್ ಹಾಕ್ಕೋತಿದೀವಿ. ಈಗ್ ಬಂದು ಡಾಕ್ಟ್ರೇ ಬೇಕಾಗಿಲ್ಲ ಅಂದ್ರೆ ಹೆಂಗೆ? ಸಾಹುಕಾರ್ರಿಗೆ ತಜ್ಞರು, ನಮ್ ಕೇರಿಗೆ ಆರ್ ತಿಂಗಳ ಕೋರ್ಸಾ?’

ಗೆಳೆಯರೇ, ಈ ಪ್ರಶ್ನೆಯನ್ನು ದಾಟಿ ಹೋಗಲು ಸಾಧ್ಯವಿಲ್ಲ. ಅವನ ಮಾತಿನಲ್ಲಿ ಸತ್ಯವಿದೆ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದ ಡಾಕ್ಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಲ್.ಎಂ.ಪಿ.ಗಳು, ಅಂದರೆ ಡಿಗ್ರಿಗಿಂತ ಕಡಿಮೆ ಅವಧಿಯ ಶಿಕ್ಷಣ ಪಡೆದವರು. ಇನ್ನು ಮುಂದೆ ಒಂದೇ ಬಗೆಯ ಡಾಕ್ಟರು ಸಾಕು, ಆ ಕಿರಿಯ ಶಿಕ್ಷಣ ಬೇಡ ಎಂದಿತು ಸಮಿತಿ. ಕೆಲವು ಸದಸ್ಯರು ಒಪ್ಪದೆ ಭಿನ್ನಮತ ಬರೆದರು. ಎಲ್ಲರಿಗೂ ಒಂದೇ ದರ್ಜೆಯ ಡಾಕ್ಟರು ಅನ್ನುವುದು ಕೇಳಲು ಸಮಾನತೆಯ ಮಾತು. ಆದರೆ ಆ ಒಂದೇ ದರ್ಜೆಯ ಡಾಕ್ಟರು ಪಟ್ಟಣದಲ್ಲಿ ಬೋರ್ಡು ಹಾಕಿದರು. ಹಟ್ಟಿಗೆ, ಹಾಡಿಗೆ, ತಾಂಡಾಕ್ಕೆ ಬರಲಿಲ್ಲ. ಸಮಾನ ಡಾಕ್ಟರ ಹೆಸರಿನಲ್ಲಿ ನಮಗೆ ಸಿಕ್ಕಿದ್ದು ಖಾಲಿ ಕುರ್ಚಿ.

ಎರಡನೆಯ ಮಾತು. ಇದು ಬಡವರಿಗೆ ಮಾತ್ರ ಹಾಕುವ ಎಂಜಲೆಲೆ ಆಗಬೇಕಿಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸು ಮತ್ತು ಹೆನ್ರಿ ಸಿಲ್ವರ್ ಎಂಬ ಡಾಕ್ಟರು ಸೇರಿ 1965ರಲ್ಲೇ ನರ್ಸುಗಳಿಗೆ ರೋಗ ಪತ್ತೆ ಮಾಡುವ ಶಿಕ್ಷಣ ಶುರು ಮಾಡಿದರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ನರ್ಸುಗಳಿಗೆ ಹೆಚ್ಚುಕಡಿಮೆ ಎಲ್ಲ ಔಷಧಿಗಳ ಚೀಟಿ ಬರೆಯುವ ಅಧಿಕಾರ 2006ರಲ್ಲಿ ಸಿಕ್ಕಿತು. ಅಲ್ಲಿನ ಉಳ್ಳವರೂ ಅವರಿಂದಲೇ ಔಷಧಿ ತೆಗೆದುಕೊಳ್ಳುತ್ತಾರೆ. ಆದರೆ ಅಲ್ಲಿ ಆ ನರ್ಸಿನ ಹೆಸರು ಚೀಟಿಯ ಮೇಲೆ ಇರುತ್ತದೆ. ಸಹಿ ಅವಳದೇ. ಹೊಣೆಯೂ ಅವಳದು, ಅದಕ್ಕೆ ಕಾನೂನೂ ಇದೆ.

ನಮ್ಮಲ್ಲಿ ಏನಾಗಿದೆ ನೋಡಿ. ಛತ್ತೀಸಗಢದಲ್ಲಿ 2001ರಲ್ಲಿ ಮೂರು ವರ್ಷದ ವೈದ್ಯ ಶಿಕ್ಷಣ ಶುರುವಾಯಿತು. ಡಾಕ್ಟರುಗಳ ಸಂಘಗಳು ಮುಗಿಬಿದ್ದವು. ಕೆಲವೇ ವರ್ಷದಲ್ಲಿ ಆ ಶಿಕ್ಷಣ ನಿಂತಿತು. ಕಲಿತವರು ಡಾಕ್ಟರಾಗಲಿಲ್ಲ, ‘ಗ್ರಾಮೀಣ ವೈದ್ಯಕೀಯ ಸಹಾಯಕ’ರಾದರು. ಅವರನ್ನು ಪರೀಕ್ಷಿಸಿ ನೋಡಿದ ಅಧ್ಯಯನವೊಂದು, ಸಾಮಾನ್ಯ ಕಾಯಿಲೆಗಳ ಚಿಕಿತ್ಸೆಯಲ್ಲಿ ಇವರು ಎಂ.ಬಿ.ಬಿ.ಎಸ್. ಡಾಕ್ಟರಿಗೆ ಸರಿಸಮ ಎಂದಿತು. ಸಮ ಅಂತ ಹೇಳಿದರು, ಸಮ ಅಂತ ಕರೆಯಲಿಲ್ಲ. ಅಸ್ಸಾಮಿನ ಇಂಥದೇ ಡಿಪ್ಲೊಮಾ ಕಾನೂನನ್ನು ಅಲ್ಲಿನ ಹೈಕೋರ್ಟು 2014ರಲ್ಲಿ ಹೊಡೆದುಹಾಕಿತು, 2023ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದಿದ್ದಾರೆ. ಬಹಳಷ್ಟು ಜನ ನಮ್ಮಂಥ ಮನೆಗಳಿಂದ ನರ್ಸಿಂಗ್ ಓದಿ ಬಂದವರು. ಹೆಸರು ಅಧಿಕಾರಿ, ನೌಕರಿ ಗುತ್ತಿಗೆ.

ಇನ್ನು ಆಶಾ ಅಕ್ಕಂದಿರು. 2005ರಿಂದ ಬಸುರಿ, ಬಾಣಂತಿ, ಕ್ಷಯ, ಲಸಿಕೆ, ಕೊರೊನಾ ಎಲ್ಲ ಅವರ ತಲೆ ಮೇಲೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. ಸರ್ಕಾರದ ಲೆಕ್ಕದಲ್ಲಿ ಅವರು ಸ್ವಯಂಸೇವಕರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಕೇಳಿದರು. ಪ್ರಶಸ್ತಿಯನ್ನು ಕೇಳದೆ ಕೊಟ್ಟರು, ಕೂಲಿಯನ್ನು ಕೇಳಿದರೂ ಚೌಕಾಸಿ ಮಾಡಿದರು.

1936ರಲ್ಲಿ ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ, ಜಾತಿಯನ್ನು ಬರೀ ಶ್ರಮವಿಭಜನೆ ಅನ್ನುವವರ ಬಾಯಿ ಮುಚ್ಚಿಸಿದರು. ಅದು ಶ್ರಮವನ್ನಷ್ಟೇ ಅಲ್ಲ, ಶ್ರಮಿಕರನ್ನೇ ಒಬ್ಬರ ಕೆಳಗೆ ಒಬ್ಬರನ್ನು ಇಟ್ಟು ಒಡೆಯುತ್ತದೆ ಅಂತ ತೋರಿಸಿಕೊಟ್ಟರು. ಆಸ್ಪತ್ರೆಯ ಕೆಲಸ ಹಂಚುವ ಈ ಮಾತನ್ನು ನಾವು ಆ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ಕೆಲಸವನ್ನು ಹಂಚುತ್ತಿದ್ದಾರೋ, ಮನುಷ್ಯರನ್ನು ಹಂಚುತ್ತಿದ್ದಾರೋ? ಕಲಿಸಿ, ಪರೀಕ್ಷೆ ಮಾಡಿ, ಹೆಸರು ಕೊಟ್ಟು, ಸಂಬಳ ಕೊಟ್ಟು, ಮೇಲೆ ಹತ್ತಲು ಮೆಟ್ಟಿಲು ಇಟ್ಟರೆ ಅದು ಕೆಲಸದ ಹಂಚಿಕೆ. ಹೆಣದ ಕೋಣೆಯವನು ಶವಪರೀಕ್ಷೆಯ ತಂತ್ರಜ್ಞನಾಗಿ ಕಲಿತು ವರದಿಯಲ್ಲಿ ತನ್ನ ಹೆಸರನ್ನೂ ಬರೆಯುವಂತಾದರೆ, ಆಯಾ ನರ್ಸಾಗಲು, ನರ್ಸು ಡಾಕ್ಟರಾಗಲು ದಾರಿ ಇದ್ದರೆ, ನಮ್ಮ ಎಂ.ಬಿ.ಬಿ.ಎಸ್. ಗೆಳೆಯ ಹೆದರಬೇಕಾಗಿಲ್ಲ. ಅವನ ಹಿಂದೆ ಇನ್ನೂ ಹತ್ತು ಜನ ಹತ್ತಿ ಬರುತ್ತಾರೆ. ಹತ್ತಲು ಮೆಟ್ಟಿಲಿಲ್ಲದೆ ಕೈಗಳನ್ನು ಮಾತ್ರ ಬಾಡಿಗೆಗೆ ಹಿಡಿದರೆ ಅದು ಹಳೆಯ ಜೀತ. ಅದಕ್ಕೆ ಬಿಳಿ ಕೋಟು ತೊಡಿಸಿದರೂ ಜೀತವೇ.

ಹಳ್ಳಿಯ ಮೇಷ್ಟ್ರುಗಳೇ, ಸಂಘಟನೆಯ ಗೆಳೆಯರೇ, ನಿಮ್ಮ ತಾಲೂಕು ಆಸ್ಪತ್ರೆಗೆ ಒಂದು ಸಲ ಹೋಗಿ. ಡ್ರೆಸ್ಸಿಂಗ್ ಮಾಡುವವರು ಯಾರು, ರಾತ್ರಿ ಹೆರಿಗೆ ಮಾಡಿಸುವವರು ಯಾರು, ಹೆಣ ಕೊಯ್ಯುವವರು ಯಾರು, ಅವರನ್ನು ಯಾವ ಹುದ್ದೆಗೆ ತೆಗೆದುಕೊಂಡಿದ್ದಾರೆ, ಏನು ಕಲಿಸಿದ್ದಾರೆ, ಎಷ್ಟು ಕೊಡುತ್ತಾರೆ ಅಂತ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಬರವಣಿಗೆಯಲ್ಲೇ ಉತ್ತರ ತರಿಸಿ. ಎಂಟನೇ ಕ್ಲಾಸಿನ ನಮ್ಮ ಹುಡುಗಿಯರಿಗೆ ನರ್ಸಿಂಗ್ ಅಂದರೆ ಏನು, ಅದರಿಂದ ಮುಂದೆ ಎಲ್ಲಿಗೆ ಹೋಗಬಹುದು ಅಂತ ಹೇಳಿಕೊಡಿ.

ಕೆಲಸ ಹಂಚುವುದಕ್ಕೆ ನಮ್ಮ ತಕರಾರಿಲ್ಲ. ಹಂಚಿ. ಹಂಚುವಾಗ ಕತ್ತಿಯ ಜೊತೆ ಪುಸ್ತಕವನ್ನೂ ಹಂಚಿ, ರಾತ್ರಿ ಪಾಳಿಯ ಜೊತೆ ಸಂಬಳವನ್ನೂ ಹಂಚಿ, ಹೊಣೆಯ ಜೊತೆ ಹೆಸರನ್ನೂ ಹಂಚಿ. ಪೆನ್ನನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಳ್ಳುತ್ತೇವೆ ಅಂದರೆ ನಾವು ಒಪ್ಪುವುದಿಲ್ಲ.